ಹನ್ನಾ ಮೌನ್ಸಿ ಹ್ಯಾಂಡ್‌ಬಾಲ್ ಬಿಟ್ಟಿದ್ದೋ, ಬಿಡಿಸಿದ್ದೋ?

ಪಿಇ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ, ಮಕ್ಕಳಿಗೆ ಹ್ಯಾಂಡ್‌ಬಾಲ್ ಕಲಿಸುತ್ತೇನೆ. ಮೊನ್ನೆ ಪ್ರಾಕ್ಟೀಸ್ ಮುಗಿದ ಮೇಲೆ ನಮ್ಮ ಟೀಮಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ಆಸ್ಟ್ರೇಲಿಯಾದಲ್ಲಿ ಒಬ್ಬರು ಮೊದಲು ಗಂಡಸರ ಟೀಮಲ್ಲಿ ದೇಶದ ಪರ ಆಡಿ, ಆಮೇಲೆ ಹೆಂಗಸರ ಟೀಮಲ್ಲೂ ದೇಶದ ಪರ ಆಡಿದಾರಂತೆ. ನಿಜಾನಾ?" ಹೆಸರು ಹನ್ನಾ ಮೌನ್ಸಿ ಅಂತ ಗೊತ್ತಾಯಿತು. ಹುಡುಕಿದರೆ ಸಿಗುವುದೆಲ್ಲ ಫುಟ್ಬಾಲ್ ಗಲಾಟೆ. ಹ್ಯಾಂಡ್‌ಬಾಲ್ ಆಡಿದ್ದರ ಬಗ್ಗೆ ಎರಡು ಸಾಲು ಬರೆದು ಎಲ್ಲರೂ ಮುಂದಕ್ಕೆ ಹೋಗಿಬಿಡುತ್ತಾರೆ.

ನನಗೆ ಬೇಕಿರುವುದು ಇಷ್ಟು. ಅವರು ಹ್ಯಾಂಡ್‌ಬಾಲ್‌ನಲ್ಲಿ ಏನು ಮಾಡಿದರು? ಯಾವ ನಿಯಮದ ಮೇಲೆ ಹೆಂಗಸರ ತಂಡಕ್ಕೆ ಬಂದರು? 2019ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಯಾಕೆ ಇರಲಿಲ್ಲ? ಆಟ ಗೊತ್ತಿರುವವರು ಬರೆದರೆ ಉಪಕಾರ. ಬರೀ ಕೂಗಾಡುವವರು ದಯವಿಟ್ಟು ಬೇರೆ ಕಡೆ ಹೋಗಿ.

---

ಎಡಗೈ ಸೂರಿ

ಕೂಗಾಡುವುದಿಲ್ಲ ಮೇಷ್ಟ್ರೇ, ಒಂದೇ ಮಾತು ಹೇಳಿ ಹೋಗುತ್ತೇನೆ. ಆರಡಿಗಿಂತ ಎತ್ತರ, ನೂರು ಕೆಜಿ ಹತ್ತಿರ ತೂಕ. ಅಂಥವರು ಹೆಂಗಸರ ಡಿಫೆನ್ಸ್ ಮೇಲೆ ನುಗ್ಗಿದರೆ ಏನಾಗುತ್ತದೆ ಅಂತ ಹ್ಯಾಂಡ್‌ಬಾಲ್ ಆಡಿದವರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ಓಟಗಾರ್ತಿ ದ್ಯುತಿ ಚಂದ್ ವಿಷಯದಲ್ಲೂ ಇದೇ ಜಗಳ ತಾನೇ ಆಗಿದ್ದು?

---

ಆರು ಮೀಟರ್ ಗೆರೆ

ಮೇಷ್ಟ್ರೇ, ಇದಕ್ಕೆ ನಾನು ಬರೆಯಬಹುದು ಅನಿಸಿತು. ಯೂನಿವರ್ಸಿಟಿ ಟೀಮಿನಲ್ಲಿ ಪಿವೋಟ್, ಅಂದರೆ ಎದುರಾಳಿ ಡಿಫೆನ್ಸ್ ನಡುವೆ ನಿಂತು ಆಡುವವಳು, ಆಗಿದ್ದೆ. ಮದುವೆಯಾಗಿ ಮೆಲ್ಬೋರ್ನಿಗೆ ಬಂದು ಸುಮಾರು ವರ್ಷವಾಯಿತು, ಮಂಡಿ ಕೇಳುವವರೆಗೂ ಇಲ್ಲಿನ ಕ್ಲಬ್ಬೊಂದರಲ್ಲಿ ಆಡಿದೆ. ಈಗ ಸ್ಕೋರ್ ಟೇಬಲ್ಲಿನಲ್ಲಿ ಕೂರುತ್ತೇನೆ. ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ಸೂರಿಯವರಿಗೆ. ದ್ಯುತಿ ಚಂದ್ ವಿಷಯ ಬೇರೆ ಸರ್. ಅವರು ಹುಟ್ಟಿದಾಗಿನಿಂದ ಹೆಣ್ಣು, ಹೆಣ್ಣಾಗಿಯೇ ಬೆಳೆದವರು. ದೇಹದಲ್ಲಿ ತಾನಾಗಿ ಟೆಸ್ಟೊಸ್ಟೆರಾನ್ (ಗಂಡಸರಲ್ಲಿ ಹೆಚ್ಚಿರುವ ಹಾರ್ಮೋನ್) ಜಾಸ್ತಿ ಅಂತ 2014ರಲ್ಲಿ ತಡೆದರು. 2015ರಲ್ಲಿ ಕ್ರೀಡಾ ನ್ಯಾಯಮಂಡಳಿ ಆ ನಿಯಮವನ್ನೇ ಅಮಾನತಿನಲ್ಲಿಟ್ಟಿತು. ಹನ್ನಾ ಅವರದು ಲಿಂಗ ಪರಿವರ್ತನೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಯಾವುದೂ ಅರ್ಥವಾಗುವುದಿಲ್ಲ.

ಈಗ ಮೇಷ್ಟ್ರ ಪ್ರಶ್ನೆಗೆ. ಹೌದು, ನಿಮ್ಮ ಹುಡುಗಿ ಕೇಳಿದ್ದು ನಿಜ. ಹನ್ನಾ ಆಸ್ಟ್ರೇಲಿಯಾದ ಪುರುಷರ ತಂಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಂತಾರಾಷ್ಟ್ರೀಯ ಪಂದ್ಯ ಆಡಿದ್ದಾರೆ. 2013ರ ಜನವರಿಯಲ್ಲಿ ಸ್ಪೇನ್‌ನಲ್ಲಿ ನಡೆದ ಪುರುಷರ ವಿಶ್ವ ಚಾಂಪಿಯನ್‌ಷಿಪ್ ತಂಡದಲ್ಲೂ ಇದ್ದರು. ಆಸ್ಟ್ರೇಲಿಯಾ ಬಿದ್ದ ಗುಂಪು ಕೇಳಿ: ಸ್ಪೇನ್, ಕ್ರೊಯೇಷಿಯಾ, ಹಂಗೇರಿ, ಈಜಿಪ್ಟ್, ಅಲ್ಜೀರಿಯಾ. ಆ ಸಲ ಕಪ್ ಗೆದ್ದದ್ದೇ ಸ್ಪೇನ್, ಫೈನಲ್‌ನಲ್ಲಿ ಡೆನ್ಮಾರ್ಕಿಗೆ 35–19ರಿಂದ ಚಚ್ಚಿ. ಅಂಥವರ ಎದುರು ಆಸ್ಟ್ರೇಲಿಯಾ ಗತಿ ಏನಾಗಿರುತ್ತದೆ ಅಂತ ನೀವೇ ಊಹಿಸಿ.

ಇಲ್ಲೊಂದು ವಿಷಯ ಹೊರಗಿನವರಿಗೆ ತಿಳಿಯುವುದಿಲ್ಲ. ಆಸ್ಟ್ರೇಲಿಯಾ ಅಂದರೆ ಕ್ರೀಡೆಯಲ್ಲಿ ದೊಡ್ಡ ದೇಶ, ದುಡ್ಡು ಸುರಿಯುತ್ತಾರೆ ಅಂದುಕೊಳ್ಳುತ್ತೀರಿ. ಹ್ಯಾಂಡ್‌ಬಾಲ್‌ಗೆ ಇಲ್ಲಿ ಅದೇನೂ ಇಲ್ಲ. ಈ ದೇಶ ಒಲಿಂಪಿಕ್ಸ್‌ನಲ್ಲಿ ಹ್ಯಾಂಡ್‌ಬಾಲ್ ಆಡಿದ್ದು 2000ದಲ್ಲಿ ಮಾತ್ರ, ಅದೂ ಸಿಡ್ನಿ ಆತಿಥ್ಯ ವಹಿಸಿದ್ದಕ್ಕೆ. ದೇಶದ ಜೆರ್ಸಿ ಹಾಕುವವರೂ ಹಗಲು ಕೆಲಸ ಮಾಡಿಕೊಂಡು, ಕೈಯಿಂದ ದುಡ್ಡು ಹಾಕಿ ಹೊರದೇಶಕ್ಕೆ ಹೋಗಿ ಆಡುತ್ತಾರೆ. ನಮ್ಮ ಕ್ಲಬ್ಬಿಗೆ ಸಿಗುತ್ತಿದ್ದದ್ದು ಬ್ಯಾಸ್ಕೆಟ್‌ಬಾಲ್ ಹಾಲ್. ಅದರ ಅಂಕಣ 28 ಮೀಟರ್ ಉದ್ದ, ನಮಗೆ ಬೇಕಿದ್ದದ್ದು 40. ಪಂದ್ಯಕ್ಕೆ ಮುಂಚೆ ನೆಲದ ಮೇಲೆ ಮಂಡಿಯೂರಿ ಬಣ್ಣದ ಟೇಪ್ ಅಂಟಿಸಿ ಗೋಲಿನ ಮುಂದಿನ ಆರು ಮೀಟರ್ ಗೆರೆ ನಾವೇ ಎಳೆದುಕೊಳ್ಳಬೇಕು, ಮುಗಿದ ಮೇಲೆ ನಾವೇ ಕೀಳಬೇಕು. ರೆಸಿನ್ ಅಂಟು ಹಚ್ಚಿದರೆ ಹಾಲ್ ನೋಡಿಕೊಳ್ಳುವವರು ಬಂದು ಬೈಯುತ್ತಾರೆ, ಅಂಟು ಇಲ್ಲದೆ ಚೆಂಡು ಕೈಯಲ್ಲಿ ನಿಲ್ಲುವುದಿಲ್ಲ. ಹನ್ನಾ ಬೆಳೆದದ್ದು ಇಂಥ ಆಟದಲ್ಲಿ. ಹೆಂಗಸರ ತಂಡಕ್ಕೆ ಹೋದದ್ದು ಪದಕ, ದುಡ್ಡಿನ ಆಸೆಗೆ ಅಂತ ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಹ್ಯಾಂಡ್‌ಬಾಲ್‌ನಲ್ಲಿ ಇಲ್ಲಿ ಎರಡೂ ಇಲ್ಲ ಮಾರಾಯ್ರೆ.

2015ರ ಕೊನೆಗೆ ಅವರು ಪರಿವರ್ತನೆ ಶುರು ಮಾಡಿದರು. ಅದೇ ನವೆಂಬರ್‌ನಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮಾರ್ಗಸೂಚಿಯೂ ಬದಲಾಯಿತು. 2003ರಲ್ಲಿ ಮಾಡಿದ್ದ ಹಳೆಯದರಲ್ಲಿ ಶಸ್ತ್ರಚಿಕಿತ್ಸೆ ಕಡ್ಡಾಯವಿತ್ತು. ಹೊಸದರಲ್ಲಿ ಅದು ಹೋಯಿತು. ನಾನು ಹೆಣ್ಣು ಅಂತ ಘೋಷಿಸಿಕೊಂಡ ಮೇಲೆ ಕ್ರೀಡೆಯ ಮಟ್ಟಿಗೆ ನಾಲ್ಕು ವರ್ಷ ಅದನ್ನು ಬದಲಿಸುವಂತಿಲ್ಲ, ಮೊದಲ ಪಂದ್ಯಕ್ಕೆ ಮುಂಚೆ ಕನಿಷ್ಠ 12 ತಿಂಗಳು ರಕ್ತದ ಟೆಸ್ಟೊಸ್ಟೆರಾನ್ ಲೀಟರಿಗೆ 10 ನ್ಯಾನೊಮೋಲ್‌ಗಿಂತ ಕೆಳಗಿರಬೇಕು, ಆಡುವಷ್ಟು ಕಾಲವೂ ಹಾಗೆಯೇ ಇರಬೇಕು. ಹನ್ನಾ ಹ್ಯಾಂಡ್‌ಬಾಲ್‌ಗೆ ವಾಪಸ್ ಬಂದದ್ದು ಈ ಬಾಗಿಲಿನಿಂದ.

ನಡುವೆ ಫುಟ್ಬಾಲ್ ಬಂತು. ನಮ್ಮೂರ ಫುಟ್ಬಾಲ್ ಅಲ್ಲ, ಇಲ್ಲಿನ ಆಸ್ಟ್ರೇಲಿಯನ್ ರೂಲ್ಸ್, ಮೊಟ್ಟೆಯಾಕಾರದ ಚೆಂಡಿನದು. ಕ್ಯಾನ್‌ಬೆರಾದಲ್ಲಿ ಏನ್ಸ್‌ಲೀ ಕ್ಲಬ್ಬಿಗೆ ಆಡುತ್ತಾ 2017ರಲ್ಲಿ ಹೆಂಗಸರ ರಾಷ್ಟ್ರೀಯ ಲೀಗಿನ ಡ್ರಾಫ್ಟಿಗೆ, ಅಂದರೆ ಕ್ಲಬ್ಬುಗಳು ಸರದಿಯಂತೆ ಆಟಗಾರ್ತಿಯರನ್ನು ಆರಿಸಿಕೊಳ್ಳುವ ಪಟ್ಟಿಗೆ, ಹೆಸರು ಕೊಟ್ಟರು. ಲೀಗ್ ಶುರುವಾಗಿ ಆಗಿನ್ನೂ ಒಂದೇ ಸೀಸನ್ ಆಗಿತ್ತು. ಡ್ರಾಫ್ಟ್ ಇದ್ದದ್ದು ಅಕ್ಟೋಬರ್ 18ಕ್ಕೆ. 17ನೇ ತಾರೀಕು ಲೀಗ್ ನಡೆಸುವ ಸಂಸ್ಥೆ ಎಎಫ್‌ಎಲ್ ಹೇಳಿತು, ಈ ಸಲ ನಿಮಗೆ ಅರ್ಹತೆಯಿಲ್ಲ ಅಂತ. ಹಿಂದಿನ ದಿನ! ಮದುವೆ ಮಂಟಪದ ಬಾಗಿಲಲ್ಲಿ ಜಾತಕ ಕೂಡಿ ಬರಲಿಲ್ಲ ಅಂದ ಹಾಗೆ. ಹೊಸ ಲೀಗ್, ಈಗಿರುವ ಆಟಗಾರ್ತಿಯರ ಮಟ್ಟ, ನಿಮ್ಮ ವೈಯಕ್ತಿಕ ಪರಿಸ್ಥಿತಿ ಎಲ್ಲ ನೋಡಿ ತೀರ್ಮಾನಿಸಿದ್ದೇವೆ ಅಂದರು.

ಇದಕ್ಕೆ ಕಾನೂನಿನ ಆಸರೆ ಇತ್ತು, ಅದನ್ನೂ ಹೇಳಬೇಕು. ಇಲ್ಲಿನ 1984ರ ಲಿಂಗ ತಾರತಮ್ಯ ವಿರೋಧಿ ಕಾಯ್ದೆಗೆ 2013ರಲ್ಲಿ ಲಿಂಗತ್ವ ಗುರುತನ್ನೂ ಸೇರಿಸಿದರು. ಆದರೆ ಸ್ಪರ್ಧಾತ್ಮಕ ಕ್ರೀಡೆಯಲ್ಲಿ ಶಕ್ತಿ, ದಮ್ಮು, ಮೈಕಟ್ಟು ಲೆಕ್ಕಕ್ಕೆ ಬರುವ ಕಡೆ ಹೊರಗಿಡಬಹುದು ಅಂತ ಅದರಲ್ಲೇ ಒಂದು ವಿನಾಯಿತಿ ಇದೆ. ಹನ್ನೆರಡು ವರ್ಷಕ್ಕಿಂತ ಚಿಕ್ಕ ಮಕ್ಕಳ ಆಟಕ್ಕೆ ಆ ವಿನಾಯಿತಿ ಇಲ್ಲ. ವಿಕ್ಟೋರಿಯಾ ರಾಜ್ಯದ ಕಾಯ್ದೆಯಲ್ಲೂ ಹೆಚ್ಚೂಕಡಿಮೆ ಇದೇ. ಹಾಗಾಗಿ ಎಎಫ್‌ಎಲ್ ಕಾನೂನು ಮುರಿಯಿತು ಅಂತ ನಾನು ಹೇಳುವುದಿಲ್ಲ. ನನ್ನ ಸಿಟ್ಟು ಬೇರೆ. ಅಳತೆಗೋಲು ಏನು ಅಂತ ಮುಂಚೆ ಬರೆದಿಟ್ಟಿರಲಿಲ್ಲ. ಆಟಗಾರ್ತಿ ಬಾಗಿಲಿಗೆ ಬಂದು ನಿಂತ ಮೇಲೆ ಅಳತೆಗೋಲು ಹುಡುಕಲು ಹೊರಟರು.

2018ರ ಫೆಬ್ರವರಿಯಲ್ಲಿ ಅದೇ ಎಎಫ್‌ಎಲ್, ರಾಜ್ಯ ಮಟ್ಟದ ಲೀಗಿನಲ್ಲಿ ಆಡಬಹುದು ಅಂದಿತು. ಹನ್ನಾ ಇಲ್ಲೇ ಮೆಲ್ಬೋರ್ನಿನ ಉತ್ತರ ಭಾಗದ ಡೇರ್‌ಬಿನ್ ಫಾಲ್ಕನ್ಸ್‌ಗೆ ಆಡಿದರು. ಆಗಸ್ಟ್‌ನಲ್ಲಿ ಲಿಖಿತ ನೀತಿ ಬಂತು. ರಾಷ್ಟ್ರೀಯ ಲೀಗಿಗೆ ಬರಬೇಕಾದರೆ 24 ತಿಂಗಳು ಟೆಸ್ಟೊಸ್ಟೆರಾನ್ 5ಕ್ಕಿಂತ ಕೆಳಗೆ, ಜೊತೆಗೆ ಎತ್ತರ, ತೂಕ, ಬೆಂಚ್ ಪ್ರೆಸ್, ಸ್ಕ್ವಾಟ್, 20 ಮೀಟರ್ ಓಟ, ಎಗರು, 2 ಕಿಲೋಮೀಟರ್ ಓಟ ಇಂಥದ್ದೆಲ್ಲದರ ಲೆಕ್ಕ ಕೊಡಬೇಕು. ಸೆಪ್ಟೆಂಬರ್‌ನಲ್ಲಿ ಹನ್ನಾ ತಾವೇ ಡ್ರಾಫ್ಟಿನಿಂದ ಹೆಸರು ಹಿಂದಕ್ಕೆ ತೆಗೆದುಕೊಂಡರು, ತಮ್ಮನ್ನು ನಡೆಸಿಕೊಂಡ ರೀತಿ ಸರಿಯಿಲ್ಲ ಅಂತ ಬಹಿರಂಗವಾಗಿ ಹೇಳಿಯೇ.

ಹುಡುಕಿದರೆ ಸಿಗುವ ಫುಟ್ಬಾಲ್ ಕಥೆ ಇಲ್ಲಿಗೆ ಮುಗಿಯುತ್ತದೆ. ನಮ್ಮ ಕಥೆ ಅಲ್ಲಿಂದ ಎರಡು ತಿಂಗಳಿಗೆ.

2018ರ ನವೆಂಬರ್ ಕೊನೆಗೆ ಜಪಾನಿನ ಕುಮಾಮೊಟೊದಲ್ಲಿ ಏಷ್ಯನ್ ಮಹಿಳಾ ಚಾಂಪಿಯನ್‌ಷಿಪ್. ಆಸ್ಟ್ರೇಲಿಯಾ, ನ್ಯೂಜಿಲೆಂಡನ್ನೂ ಕರೆದಿದ್ದರು. ನಮ್ಮ ಇಂಡಿಯಾ ತಂಡವೂ ಅಲ್ಲಿತ್ತು. ಫುಟ್ಬಾಲ್‌ನವರು ಬೇಡ ಅಂದ ಅದೇ ದೇಹ, ಅದೇ ವರ್ಷ, ಹಸಿರು ಹಳದಿ ಜೆರ್ಸಿ ಹಾಕಿಕೊಂಡು ಮಹಿಳೆಯರ ರಾಷ್ಟ್ರೀಯ ತಂಡದಲ್ಲಿ ಹ್ಯಾಂಡ್‌ಬಾಲ್ ಆಡಿತು. ಆ ಟೂರ್ನಿಯಲ್ಲಿ ಹನ್ನಾ 23 ಗೋಲು ಹೊಡೆದರು. ಆಸ್ಟ್ರೇಲಿಯಾ ಐದನೆಯದಾಗಿ ಮುಗಿಸಿ 2019ರ ವಿಶ್ವ ಚಾಂಪಿಯನ್‌ಷಿಪ್‌ಗೆ ಟಿಕೆಟ್ ಗಿಟ್ಟಿಸಿತು.

23 ಗೋಲು ಅಂದರೆ ಎಷ್ಟು? ಆಟ ಗೊತ್ತಿಲ್ಲದವರಿಗೆ ದೊಡ್ಡದಾಗಿ ಕೇಳುತ್ತದೆ. ಐದಾರು ಪಂದ್ಯಕ್ಕೆ ಹಂಚಿದರೆ ಪಂದ್ಯಕ್ಕೆ ನಾಲ್ಕರ ಆಸುಪಾಸು. ಒಂದು ತಂಡ ಪಂದ್ಯಕ್ಕೆ ಇಪ್ಪತ್ತೈದು ಮೂವತ್ತು ಗೋಲು ಹೊಡೆಯುವ ಆಟ ಇದು. ಒಳ್ಳೆಯ ಆಟಗಾರ್ತಿಯ ಲೆಕ್ಕ, ಒಪ್ಪೋಣ. ಎದುರಾಳಿಗಳನ್ನು ಚಿಂದಿ ಮಾಡಿದವರ ಲೆಕ್ಕ ಅಲ್ಲ. ಕಪ್ ಗೆದ್ದದ್ದು ಕೊರಿಯಾ, ಎರಡನೆಯದು ಜಪಾನ್. ಕೊರಿಯಾದ ಹೆಂಗಸರು 1988, 1992 ಎರಡೂ ಒಲಿಂಪಿಕ್ಸ್ ಚಿನ್ನ ಗೆದ್ದ ಪರಂಪರೆಯವರು. ಅವರು ಎತ್ತರದವರ ಎದುರು ಎತ್ತರಕ್ಕೆ ಹೋಗುವುದೇ ಇಲ್ಲ. ಕಾಲಿನಲ್ಲಿ ಆಡುತ್ತಾರೆ. ಚೆಂಡು ನಿಮ್ಮ ಎಡಗಡೆ ಇದೆ ಅಂತ ತಿರುಗುವಷ್ಟರಲ್ಲಿ ಬಲಗಡೆ ವಿಂಗ್‌ನಿಂದ ಎಗರಿರುತ್ತಾರೆ.

ಹಾಗಂತ ಗಾತ್ರ ಲೆಕ್ಕಕ್ಕಿಲ್ಲ ಅಂತ ಹೇಳಿದರೆ ನಾನು ಪಿವೋಟ್ ಆಗಿದ್ದೆ ಅನ್ನುವುದಕ್ಕೇ ಅವಮಾನ. ಆರು ಮೀಟರ್ ಗೆರೆ ಮೇಲೆ ಬೆನ್ನು ಗೋಲಿಗೆ ಹಾಕಿ ನಿಂತಿರುತ್ತೇವೆ. ಹಿಂದಿನಿಂದ ಡಿಫೆಂಡರ್ ಮುಂಗೈ ನನ್ನ ಬೆನ್ನುಮೂಳೆಗೆ ಒತ್ತಿರುತ್ತದೆ, ಇನ್ನೊಂದು ಕೈಯ ಎರಡು ಬೆರಳು ಸೊಂಟದ ಹತ್ತಿರ ಜೆರ್ಸಿ ಹಿಡಿದಿರುತ್ತವೆ, ರೆಫ್ರಿಗೆ ಕಾಣದ ಹಾಗೆ. ನಾನು ಕಾಲು ಅಗಲಿಸಿ, ಕುಂಡಿ ಕೆಳಗೆ ಮಾಡಿ, ಅವಳ ಭಾರವನ್ನು ನನ್ನ ಮೇಲೆ ಬರಿಸಿಕೊಳ್ಳಬೇಕು. ಚೆಂಡು ಬಂದ ಕ್ಷಣ ಅವಳು ಒತ್ತುತ್ತಿರುವ ಕಡೆಗೇ ತಿರುಗಿದರೆ ಅವಳ ಒತ್ತಡವೇ ನನ್ನನ್ನು ಗೋಲಿನ ಕಡೆ ತಳ್ಳುತ್ತದೆ. ಇದರಲ್ಲಿ ಇಪ್ಪತ್ತು ಕೆಜಿ ವ್ಯತ್ಯಾಸ ಇದ್ದರೆ ಏನಾಗುತ್ತದೆ ಅಂತ ನನ್ನ ಪಕ್ಕೆಲುಬು ಸಾಕ್ಷಿ. ಆದರೆ ಅಷ್ಟು ಭಾರದ ಹೆಂಗಸರ ಎದುರೂ ನಾನು ಆಡಿದ್ದೇನೆ, ಅವರೆಲ್ಲ ಹೆಣ್ಣಾಗಿಯೇ ಹುಟ್ಟಿದವರು. ನೋವು ಅಷ್ಟೇ ಆಗಿತ್ತು.

ಉಳಿದದ್ದು, ಅಂದರೆ 2019ರದ್ದು, ಸಂಜೆ ಬರೆಯುತ್ತೇನೆ. ಸ್ವಲ್ಪ ಸಮಾಧಾನದಿಂದ ಬರೆಯಬೇಕಾದ ವಿಷಯ.

---

ಲ್ಯಾಬ್ ಕೋಟು

ಗೆರೆ ಮೇಡಂ ಬರುವಷ್ಟರಲ್ಲಿ ಆ ಸಂಖ್ಯೆಗಳ ಬಗ್ಗೆ ಎರಡು ಮಾತು. ನನ್ನ ಕೆಲಸ ರಕ್ತ ಪರೀಕ್ಷೆ ಲ್ಯಾಬಿನಲ್ಲಿ.

ವಯಸ್ಕ ಗಂಡಸರಲ್ಲಿ ಟೆಸ್ಟೊಸ್ಟೆರಾನ್ ಸುಮಾರು 8ರಿಂದ 30 ನ್ಯಾನೊಮೋಲ್ ಇರುತ್ತದೆ, ಹೆಂಗಸರಲ್ಲಿ ಸಾಮಾನ್ಯವಾಗಿ ಎರಡೂವರೆಯ ಒಳಗೆ. ಅಂದರೆ ಒಲಿಂಪಿಕ್ ಸಮಿತಿ ಇಟ್ಟಿದ್ದ 10 ಅನ್ನುವುದು ಗಂಡಸರ ವ್ಯಾಪ್ತಿಯ ಕೆಳತುದಿಗೇ ತಾಗುತ್ತಿತ್ತು. ಅದು ಸಡಿಲ ಅನ್ನುವ ಟೀಕೆಯಲ್ಲಿ ಹುರುಳಿದೆ. ಆದರೆ ಚಿಕಿತ್ಸೆಯಲ್ಲಿರುವ ಹೆಚ್ಚಿನ ಟ್ರಾನ್ಸ್ ಮಹಿಳೆಯರ ಮಟ್ಟ ಅದಕ್ಕಿಂತ ಎಷ್ಟೋ ಕೆಳಗೆ, ಹೆಂಗಸರ ವ್ಯಾಪ್ತಿಗೇ ಇಳಿದಿರುತ್ತದೆ ಅನ್ನುವುದನ್ನೂ ಸೇರಿಸಿಕೊಳ್ಳಿ.

ಮಟ್ಟ ಇಳಿದ ಮೇಲೆ ದೇಹದಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. ಹಿಮೋಗ್ಲೋಬಿನ್ ಮೂರು ನಾಲ್ಕು ತಿಂಗಳಲ್ಲಿ ಹೆಂಗಸರ ಮಟ್ಟಕ್ಕೆ ಬರುತ್ತದೆ. ಸ್ನಾಯು ನಿಧಾನ, ವರ್ಷಕ್ಕೆ ಸುಮಾರು ಶೇ 5ರಷ್ಟು ಇಳಿಯುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಎತ್ತರ, ಭುಜದ ಅಗಲ, ಅಂಗೈ ಗಾತ್ರ ಬದಲಾಗುವುದೇ ಇಲ್ಲ. ಅಮೆರಿಕದ ವಾಯುಪಡೆಯವರ ದಾಖಲೆ ನೋಡಿ ಮಾಡಿದ ಅಧ್ಯಯನದಲ್ಲಿ ಎರಡು ವರ್ಷದ ಚಿಕಿತ್ಸೆಯ ನಂತರ ಪುಷ್‌ಅಪ್‌ನಲ್ಲಿ ವ್ಯತ್ಯಾಸ ಹೋಗಿತ್ತು, ಒಂದೂವರೆ ಮೈಲಿ ಓಟದಲ್ಲಿ ಶೇ 12ರಷ್ಟು ಉಳಿದಿತ್ತು. ಅವರು ಸೈನಿಕರು, ಕ್ರೀಡಾಪಟುಗಳಲ್ಲ. ಇದನ್ನು ಹಿಡಿದು ಹ್ಯಾಂಡ್‌ಬಾಲ್ ಬಗ್ಗೆ ಖಡಾಖಂಡಿತವಾಗಿ ಮಾತಾಡುವವರನ್ನು ನಂಬಬೇಡಿ, ಯಾವ ಕಡೆಯವರಾದರೂ ಸರಿ.

---

ಎಡಗೈ ಸೂರಿ

ದ್ಯುತಿ ಚಂದ್ ವಿಷಯ ಬೇರೆ ಅಂತ ಒಪ್ಪಿದೆ. ಅಂಗೈ ಗಾತ್ರ ಅಂದಿರಲ್ಲ ಲ್ಯಾಬ್ ಸರ್, ಹ್ಯಾಂಡ್‌ಬಾಲ್‌ನಲ್ಲಿ ಅದೇ ಅಲ್ಲವೇ ಮುಖ್ಯ? ಹೆಂಗಸರ ಚೆಂಡು ಬೇರೆ ಚಿಕ್ಕದು.

---

ಆರು ಮೀಟರ್ ಗೆರೆ

ಸೂರಿ ಸರ್, ಒಳ್ಳೆಯ ಪ್ರಶ್ನೆ ಕೇಳಿದಿರಿ. ಗಂಡಸರ ಚೆಂಡು ಸೈಜ್ 3, ಸುತ್ತಳತೆ 58ರಿಂದ 60 ಸೆಂಟಿಮೀಟರ್, ತೂಕ 425ರಿಂದ 475 ಗ್ರಾಂ. ಹೆಂಗಸರದು ಸೈಜ್ 2, 54ರಿಂದ 56 ಸೆಂಟಿಮೀಟರ್, 325ರಿಂದ 375 ಗ್ರಾಂ. ದೊಡ್ಡ ಅಂಗೈಗೆ ಸೈಜ್ 2 ಸಿಕ್ಕರೆ ಒಂದೇ ಕೈಯಲ್ಲಿ ಹಿಡಿದು ಮಣಿಕಟ್ಟು ತಿರುಗಿಸಿ ಏನು ಬೇಕಾದರೂ ಮಾಡಬಹುದು, ಅದು ಲಾಭವೇ. ನಾನು ತಕರಾರು ಮಾಡುವುದಿಲ್ಲ. ಆದರೆ ವರ್ಷಗಟ್ಟಲೆ ಸೈಜ್ 3ಕ್ಕೆ ಒಗ್ಗಿದ ಕೈ ಸೈಜ್ 2 ಎಸೆದು ನೋಡಲಿ. ಮೊದಮೊದಲು ಚೆಂಡು ಬೇಗ ಕೈ ಬಿಟ್ಟು ಕ್ರಾಸ್‌ಬಾರ್ ಮೇಲಿಂದ ಹೋಗುತ್ತದೆ. ನಮ್ಮ ಕ್ಲಬ್ಬಿನ ಗಂಡಸರು ತಮಾಷೆಗೆ ನಮ್ಮ ಚೆಂಡು ತೆಗೆದುಕೊಂಡು ಏಳು ಮೀಟರ್ ಪೆನಾಲ್ಟಿ ಎಸೆಯಲು ಹೋಗಿ ಗೋಡೆಗೆ ಹೊಡೆದದ್ದು ಎಷ್ಟೋ ಸಲ ಇದೆ.

ಸರಿ, 2019ಕ್ಕೆ ಬರೋಣ.

ಹನ್ನಾ ಇದ್ದ ತಂಡ ಸಂಪಾದಿಸಿದ ಟಿಕೆಟ್ ಅದು. ವಿಶ್ವ ಚಾಂಪಿಯನ್‌ಷಿಪ್ ಕೂಡ ಕುಮಾಮೊಟೊದಲ್ಲೇ, 2019ರ ನವೆಂಬರ್ 30ರಿಂದ. ತಂಡ ಪ್ರಕಟವಾದಾಗ ಹನ್ನಾ ಹೆಸರಿರಲಿಲ್ಲ. ತಂಡದ ಕೆಲವರಿಗೆ ತನ್ನ ಜೊತೆ ಬಟ್ಟೆ ಬದಲಿಸುವ ಕೋಣೆ, ಸ್ನಾನದ ಜಾಗ ಹಂಚಿಕೊಳ್ಳಲು ಇರುಸುಮುರುಸು ಇತ್ತು, ಅದೇ ಕಾರಣ ಅಂತ ಹನ್ನಾ ಬಹಿರಂಗವಾಗಿ ಹೇಳಿದರು. ಇದು ಅವರ ಮಾತು, ಆ ಕೋಣೆಯಲ್ಲಿ ನಾನಿರಲಿಲ್ಲ, ಹಾಗಾಗಿ ಅವರ ಮಾತಾಗಿಯೇ ನಿಮ್ಮ ಮುಂದಿಡುತ್ತೇನೆ. ನಿಯಮ ಮಾತ್ರ ಅವರನ್ನು ತಡೆದಿರಲಿಲ್ಲ. ಹಿಂದಿನ ವರ್ಷ ಆಡಿಸಿದ ಅದೇ ಮಾರ್ಗಸೂಚಿ ಆಗಲೂ ಜಾರಿಯಲ್ಲಿತ್ತು.

ಅದಕ್ಕೇ ನಿಮ್ಮ ತಲೆಬರಹದ ಪ್ರಶ್ನೆಗೆ ನನ್ನ ಉತ್ತರ: ಫುಟ್ಬಾಲ್ ಅವರು ಬಿಟ್ಟದ್ದು, ಹ್ಯಾಂಡ್‌ಬಾಲ್ ಬಿಡಿಸಿದ್ದು. ಜಗತ್ತು ಎರಡನ್ನೂ ಸೇರಿಸಿ ನಿಯಮದ ಜಗಳ ಅಂತ ಹೇಳುತ್ತದೆ. ಟೆಸ್ಟೊಸ್ಟೆರಾನ್ 5 ಇರಬೇಕೋ 10 ಇರಬೇಕೋ ಅಂತ ಪಂಡಿತರು ಜಗಳವಾಡಲಿ, ಆಡಬೇಕಾದದ್ದೇ. ಆದರೆ ಸಂಖ್ಯೆ ದಾಟಿ ಬಂದವರಿಗೂ ಆಯ್ಕೆ ಪಟ್ಟಿ ಅನ್ನುವುದೊಂದು ಇರುತ್ತದೆ, ಅದಕ್ಕೆ ಯಾವ ಲ್ಯಾಬ್ ರಿಪೋರ್ಟೂ ಲೆಕ್ಕಕ್ಕಿಲ್ಲ. ಹದಿನಾರು ಹೆಸರು ಬರೆಯುವವರು ಹದಿನೇಳನೆಯವರಿಗೆ ಕಾರಣ ಕೊಡಬೇಕಾಗಿಲ್ಲ. ಫಾರ್ಮ್ ಇಲ್ಲ ಅಂದರೆ ಮುಗಿಯಿತು. ಇದು ಎಲ್ಲ ಆಟಗಾರ್ತಿಯರಿಗೂ ಗೊತ್ತಿರುವ ಸಂಕಟ, ಹನ್ನಾ ಒಬ್ಬರದಲ್ಲ.

ಬಟ್ಟೆ ಬದಲಿಸುವ ಕೋಣೆ ಬಗ್ಗೆ ಒಂದು ಮಾತು. ನಾವು ಊರಲ್ಲಿ ಆಡುವಾಗ ಅಂಥ ಕೋಣೆಯೇ ಇರುತ್ತಿರಲಿಲ್ಲ. ಇಬ್ಬರು ದುಪಟ್ಟಾ ಹಿಡಿದು ಮರೆ ಮಾಡಿದರೆ ಮೂರನೆಯವಳು ಬಟ್ಟೆ ಬದಲಿಸಬೇಕಿತ್ತು. ಇಲ್ಲಿಗೆ ಬಂದಾಗ ತೆರೆದ ಶವರ್ ಸಾಲು ನೋಡಿ ನಾನು ಬೆವರಿನ ಬಟ್ಟೆಯಲ್ಲೇ ಟ್ರಾಮ್ ಹತ್ತಿ ಮನೆಗೆ ಹೋಗುತ್ತಿದ್ದೆ, ಸುಮಾರು ದಿನ. ಟೀಮಿನಲ್ಲಿ ಒಬ್ಬರೂ ಏನೂ ಅನ್ನಲಿಲ್ಲ. ಆಮೇಲೆ ಕ್ಯಾಪ್ಟನ್ ತಾನಾಗಿಯೇ ಹಾಲ್ ನೋಡಿಕೊಳ್ಳುವವರ ಹತ್ತಿರ ಮಾತಾಡಿ, ಅಂಗವಿಕಲರಿಗೆ ಅಂತ ಇದ್ದ, ಬಾಗಿಲು ಹಾಕಿಕೊಳ್ಳುವ ಶವರ್‌ನ ಬೀಗದ ಕೈ ಕೊಡಿಸಿದಳು. ನನ್ನ ಮುಜುಗರ ನಿಜ, ಅದಕ್ಕೆ ದಾರಿಯೂ ಇತ್ತು. ಹಾಗಾಗಿ ಯಾರಿಗಾದರೂ ಮುಜುಗರ ಆದರೆ ಅವರನ್ನು ನಾನು ಬೈಯುವುದಿಲ್ಲ. ಒಂದು ಚಿಲಕದಿಂದ ಬಗೆಹರಿಯುವುದಕ್ಕೆ ಒಬ್ಬರ ಜೆರ್ಸಿ ಹೋಗುವುದು ಮಾತ್ರ ಒಪ್ಪಿಗೆಯಾಗುವುದಿಲ್ಲ.

ಫಲಿತಾಂಶ ಕೇಳುತ್ತೀರಿ ಅಂತ ಗೊತ್ತು. ಆಸ್ಟ್ರೇಲಿಯಾ ಬಿದ್ದದ್ದು ಫ್ರಾನ್ಸ್, ಜರ್ಮನಿ, ಡೆನ್ಮಾರ್ಕ್, ಕೊರಿಯಾ, ಬ್ರೆಜಿಲ್ ಇದ್ದ ಗುಂಪಿಗೆ. 24 ತಂಡಗಳಲ್ಲಿ ಕೊನೆಯ ಸ್ಥಾನ. ಹನ್ನಾ ಇದ್ದಿದ್ದರೆ ಗೆಲ್ಲುತ್ತಿದ್ದರು ಅಂತೇನೂ ನಾನು ಹೇಳುವುದಿಲ್ಲ, ಆ ಗುಂಪಿನಲ್ಲಿ ಯಾರಿದ್ದರೂ ಅಷ್ಟೇ. ಕಪ್ ನೆದರ್ಲೆಂಡ್ಸ್‌ಗೆ ಹೋಯಿತು, ಸ್ಪೇನ್ ಎದುರು 30–29. ಅದು ಮಾತ್ರ ತಪ್ಪದೆ ನೋಡಬೇಕಾದ ಫೈನಲ್.

---

ಪಿಇ ಮೇಷ್ಟ್ರು

ಮೇಡಂ, ಇಷ್ಟೆಲ್ಲ ಬರೆದದ್ದಕ್ಕೆ ಕೈ ಮುಗಿದೆ. ಇನ್ನೊಂದು ಕೇಳಲೇ? ಈಗ ಯಾರಾದರೂ ಹನ್ನಾ ಹಾಗೆ ಬಂದರೆ ಅದೇ ಬಾಗಿಲು ತೆರೆದಿದೆಯೇ?

---

ಲ್ಯಾಬ್ ಕೋಟು

ಮೇಷ್ಟ್ರೇ, ಅಂದಿನ ಬಾಗಿಲು ಇಂದಿಲ್ಲ. 2021ರ ನವೆಂಬರ್‌ನಲ್ಲಿ ಒಲಿಂಪಿಕ್ ಸಮಿತಿ ಆ 10ರ ಗೆರೆ ಬಿಟ್ಟು, ಆಯಾ ಕ್ರೀಡೆಯ ಒಕ್ಕೂಟವೇ ತೀರ್ಮಾನಿಸಲಿ, ಟ್ರಾನ್ಸ್ ಮಹಿಳೆಗೆ ಲಾಭ ಇದ್ದೇ ಇರುತ್ತದೆ ಅಂತ ಮೊದಲೇ ಊಹಿಸಬೇಡಿ ಅಂದಿತು. ಒಕ್ಕೂಟಗಳು ಮಾಡಿದ್ದು ಬಹುತೇಕ ತದ್ವಿರುದ್ಧ. ಈಜಿನವರು 2022ರ ಜೂನ್‌ನಲ್ಲಿ, ಅಥ್ಲೆಟಿಕ್ಸ್‌ನವರು 2023ರ ಮಾರ್ಚ್‌ನಲ್ಲಿ, ಸೈಕ್ಲಿಂಗ್‌ನವರು ಅದೇ ಜುಲೈನಲ್ಲಿ ಗಂಡು ಪ್ರೌಢಾವಸ್ಥೆ ದಾಟಿದ ಟ್ರಾನ್ಸ್ ಮಹಿಳೆಯರಿಗೆ ಮಹಿಳಾ ವಿಭಾಗದ ಬಾಗಿಲು ಮುಚ್ಚಿದರು. 2025ರ ಸೆಪ್ಟೆಂಬರ್‌ನಿಂದ ಅಥ್ಲೆಟಿಕ್ಸ್‌ನಲ್ಲಿ ವಿಶ್ವ ಮಟ್ಟದ ಮಹಿಳಾ ಸ್ಪರ್ಧೆಗೆ ಬರುವ ಎಲ್ಲರಿಗೂ ಎಸ್‌ಆರ್‌ವೈ ಜೀನ್ (ಸಾಮಾನ್ಯವಾಗಿ ವೈ ಕ್ರೋಮೋಸೋಮಿನಲ್ಲಿರುವ, ಗಂಡು ಬೆಳವಣಿಗೆ ಶುರು ಮಾಡುವ ಜೀನ್) ಪರೀಕ್ಷೆ ಇದೆ. ಇವೆಲ್ಲ ಬಹುಮಟ್ಟಿಗೆ ಒಬ್ಬೊಬ್ಬರೇ ಸ್ಪರ್ಧಿಸುವ ಕ್ರೀಡೆಗಳು ಅನ್ನುವುದನ್ನು ಗಮನಿಸಿ. ತಂಡದ ಆಟದಲ್ಲಿ ಒಬ್ಬರ ಲಾಭ ಅಳೆಯುವುದು ಇನ್ನೂ ಕಷ್ಟ.

---

ಎಡಗೈ ಸೂರಿ

ಗೆರೆ ಮೇಡಂ, ಕೊನೆಗೆ ನೇರವಾಗಿ ಕೇಳಿಬಿಡುತ್ತೇನೆ. ನಿಮ್ಮ ಮಗಳು ಆಡುತ್ತಿದ್ದು, ಎದುರು ಹನ್ನಾ ನಿಂತರೆ?

---

ಆರು ಮೀಟರ್ ಗೆರೆ

ನನ್ನ ಮಗಳು ಗೋಲ್‌ಕೀಪರ್ ಸರ್. ಅವಳು ಯಾರಿಗೂ ಹೆದರುವುದಿಲ್ಲ, ಅಮ್ಮನಿಗಂತೂ ಮೊದಲೇ ಇಲ್ಲ.

ನೀವು ನೇರವಾಗಿ ಕೇಳಿದ್ದಕ್ಕೆ ನಾನೂ ನೇರವಾಗಿ. ಹದಿನಾಲ್ಕರ ಹುಡುಗಿಯರ ಪಂದ್ಯದಲ್ಲಿ ನೂರು ಕೆಜಿಯ ವಯಸ್ಕರು ಯಾರೇ ಬಂದರೂ, ಹುಟ್ಟು ಹೆಣ್ಣಾದರೂ, ನಾನು ಮೊದಲು ಹೋಗಿ ರೆಫ್ರಿ ಟೇಬಲ್ ಹತ್ತಿರ ನಿಲ್ಲುತ್ತೇನೆ. ಹಿರಿಯರ ಪಂದ್ಯ ಬೇರೆ. ಅಲ್ಲಿ ಇಂಥ ಮಟ್ಟದ ಮೇಲೆ ಅಡ್ಡಿ ಅಂತ ಒಕ್ಕೂಟ ಮುಂಚಿತವಾಗಿ ಬರೆದು, ಅಂಗೈ, ಭಾರ, ಓಟ ಏನೇನು ಅಳೆಯುತ್ತೇವೆ ಅಂತ ಹೇಳಿ, ಆಮೇಲೆ ಬೇಡ ಅಂದರೆ ಆ ಬೇಡವನ್ನು ನಾನು ಒಪ್ಪದಿದ್ದರೂ ಗೌರವಿಸುತ್ತೇನೆ. ಹೌದು ಅಂದರೆ ನನ್ನ ಮಗಳು ಆಡುತ್ತಾಳೆ, ಚೆಂಡೊಂದು ಮುಖದ ಮೇಲೂ ಬೀಳಬಹುದು. ಹ್ಯಾಂಡ್‌ಬಾಲ್ ಗೋಲ್‌ಕೀಪರ್ ಆದವರಿಗೆ ಅದು ಹೊಸದಲ್ಲ.

ಮೇಷ್ಟ್ರೇ, ಕುಮಾಮೊಟೊ 2018ರ ಪಂದ್ಯಗಳ ವಿಡಿಯೊ ಸಿಕ್ಕರೆ ಕೊರಿಯಾದ್ದು ಮೊದಲು ತೋರಿಸಿ ಮಕ್ಕಳಿಗೆ. ಚೆಂಡು ಇಲ್ಲದವರು ಏನು ಮಾಡುತ್ತಿದ್ದಾರೆ ಅಂತ ನೋಡಲು ಹೇಳಿ. ಮತ್ತೆ ನಿಮ್ಮ ಅಂಕಣ 40 ಮೀಟರ್ ಇದೆಯಾ, ಅಥವಾ ಅಲ್ಲೂ ಬ್ಯಾಸ್ಕೆಟ್‌ಬಾಲ್‌ದೇನಾ?

---

ಪಿಇ ಮೇಷ್ಟ್ರು

ಅಂಕಣ 40 ಇದೆ ಮೇಡಂ, ಮಣ್ಣಿನದು. ಗೆರೆ ಸುಣ್ಣದ್ದು, ಒಂದು ಪಂದ್ಯ ಆಡುವಷ್ಟರಲ್ಲಿ ಅಳಿಸಿಹೋಗುತ್ತದೆ.